ಸ್ಟಿಯರಿಂಗಿನಲ್ಲಿ ಸದ್ದು ಬಂದರೆ

ನಮ್ಮ ಉಚಿತ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಪಿಕಪ್ ಗಾಡಿ ನಡೆಸುವವರಿದ್ದಾರೆ, ಅದಕ್ಕೆ ಮಾಲು ಏರಿಸಿ ಇಳಿಸುವವರಿದ್ದಾರೆ, ಅದರ ಡೀಸೆಲು-ರಿಪೇರಿಗಳ ಲೆಕ್ಕ ಬರೆಯುವ ನನ್ನಂಥ ಗುಮಾಸ್ತರೂ ಇದ್ದಾರೆ. ಬೀದರ, ಹುಮನಾಬಾದ, ಸೇಡಂ, ರಾಯಚೂರುಗಳ ಕಡೆಯಿಂದ ಬಂದು ಉಸ್ಮಾನ್‌ಗಂಜ್, ಬೇಗಂಬಜಾರುಗಳಲ್ಲಿ ದುಡಿಯುವ ನಮಗೆಲ್ಲ ಈ ಸಣ್ಣ ಲಾರಿಯೇ ಎತ್ತು, ಅದೇ ಬಂಡಿ. ಎತ್ತು ಹೆಜ್ಜೆ ಇಡುವ ಸದ್ದಿನಿಂದಲೇ ಯಾವ ಕಾಲಿನ ಲಾಳ ಸಡಿಲವಾಗಿದೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗಾಡಿಯ ವಿಷಯದಲ್ಲಿ ಆ ಕಿವಿ ನಮಗೆ ಇನ್ನೂ ಬಂದಿಲ್ಲ. ಸದ್ದು ಕೇಳಿದೊಡನೆ ಗ್ಯಾರೇಜಿಗೆ ಹೋಗಿ, ಅಲ್ಲಿ ಹೇಳಿದ್ದನ್ನು ಬದಲಾಯಿಸಿ, ಬಿಲ್ಲು ತಂದು ಗುಮಾಸ್ತನ ಮೇಜಿನ ಮೇಲೆ ಇಡುವುದೇ ನಮಗೆ ರೂಢಿಯಾಗಿದೆ.

ನಾನು ಯಂತ್ರವಿದ್ಯೆ ಕಲಿತವನಲ್ಲ. ಮೆಟ್ರಿಕ್ಕಿನವರೆಗೆ ಓದಿ, ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹೀಗಿದ್ದೂ ಈ ಪಾಠವನ್ನು ಬರೆಯಲು ಕಾರಣವಿದೆ. ನಮ್ಮ ಮಿಲ್ಲಿನ ಪಿಕಪ್ಪಿನ ಸ್ಟಿಯರಿಂಗಿನಲ್ಲಿ ಟಕ್ ಟಕ್ ಎಂಬ ಸದ್ದು ಬರತೊಡಗಿತು. ಮೊದಲನೆಯ ಬಿಲ್ಲು ಎಣ್ಣೆ ಮತ್ತು ಬೆಲ್ಟಿನದು. ಸದ್ದು ಹೋಗಲಿಲ್ಲ. ಎರಡನೆಯ ಬಿಲ್ಲು ಎರಡೂ ಕಡೆಯ ಟೈ ರಾಡ್ ಎಂಡುಗಳದು. ಆಗಲೂ ಹೋಗಲಿಲ್ಲ. ಮೂರನೆಯದು ಬಿಲ್ಲಲ್ಲ, ಅಂದಾಜು ಪಟ್ಟಿ: ಸ್ಟಿಯರಿಂಗ್ ರ‍್ಯಾಕನ್ನೇ ಬದಲಾಯಿಸಬೇಕು ಎಂದು. ಅದರ ಮೊತ್ತ ನಮ್ಮ ಡ್ರೈವರನ ಒಂದು ತಿಂಗಳ ಸಂಬಳದ ಹತ್ತಿರಕ್ಕೆ ಬಂದಿತ್ತು. ಇವನು ಸ್ಪೀಡ್ ಬ್ರೇಕರುಗಳ ಮೇಲೆ ಗಾಡಿ ಹಾರಿಸಿಯೇ ಕೆಡಿಸಿದ್ದಾನೆ ಎಂಬುದು ಧಣಿಗಳ ತೀರ್ಮಾನವಾಯಿತು. ಎರಡನೆಯ ಬಿಲ್ಲಿನ ಅರ್ಧವನ್ನು ಅವನ ಸಂಬಳದಲ್ಲಿ ಹಿಡಿಯುವಂತೆ ಹೇಳಿದರು. ಕಡಿತದ ಆ ಸಾಲನ್ನು ಖಾತೆಯಲ್ಲಿ ಬರೆದವನು ನಾನೇ.

ಅವನು ಹುಮನಾಬಾದ ಕಡೆಯವನು, ನನಗಿಂತ ಹಿರಿಯ. ಸಂಬಳದ ದಿನ ದುಡ್ಡನ್ನು ಎಣಿಸಿಕೊಂಡು, “ಅಣ್ಣಾರ, ಸದ್ದು ಕೆಳಗ ಗಾಲಿ ಹತ್ರ ಇಲ್ರಿ. ನನ್ನ ಕಾಲಿನ ಹತ್ರ ಹೊಡಿಲಿಕತ್ತದ. ಮಿಸ್ತ್ರಿ ಕೇಳವಲ್ಲ” ಎಂದನು. ಆ ಮಾತು ನಿಜವಾಗಿತ್ತೆಂಬುದು ಮುಂದೆ ತಿಳಿಯಿತು. ಅದು ತಿಳಿಯುವುದಕ್ಕೆ ಭಾನುವಾರ ಅಬಿಡ್ಸಿನ ಫುಟ್‌ಪಾತಿನ ಹಳೆಯ ಪುಸ್ತಕದ ರಾಶಿಯಲ್ಲಿ ನನಗೆ ಸಿಕ್ಕ ಒಂದು ಮೋಟಾರು ಪುಸ್ತಕವೂ, ಇಬ್ಬರೂ ಗಾಡಿಯ ಕೆಳಗೆ ಮಲಗಿ ಕಳೆದ ಒಂದು ಮಧ್ಯಾಹ್ನವೂ ಬೇಕಾದವು.

ಮೊದಲು ಸ್ಟಿಯರಿಂಗು ಎಂದರೆ ಏನೇನು ಎಂಬುದನ್ನು ಕೈಯಿಂದ ಹಿಡಿದು ಕೆಳಗಿನವರೆಗೆ ನೋಡೋಣ. ಗೊಂದಲವಾಗದಿರಲೆಂದು ಡ್ರೈವರನ ಕೈಯಲ್ಲಿರುವುದನ್ನು ಕೈಚಕ್ರವೆಂದೂ ರಸ್ತೆಯ ಮೇಲೆ ಉರುಳುವುದನ್ನು ಗಾಲಿಯೆಂದೂ ಕರೆಯುತ್ತೇನೆ. ಕೈಚಕ್ರದಿಂದ ಒಂದು ದಂಡವು ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯುತ್ತದೆ. ಅದು ನೆಟ್ಟಗೆ ಗೇರಿನವರೆಗೆ ಹೋಗುವುದಿಲ್ಲ; ನಡುವೆ ಎಂಜಿನು ಅಡ್ಡ ಬರುತ್ತದೆ. ಆದುದರಿಂದ ಇನ್ನೊಂದು ಗಿಡ್ಡ ನಡುದಂಡವನ್ನು ಓರೆಯಾಗಿ ಜೋಡಿಸಿ, ಅದರ ತುದಿಗಳಲ್ಲಿ ಮೊಣಕೈಯಂತೆ ಬಾಗುವ ಕೀಲುಗಳನ್ನು ಇಟ್ಟಿರುತ್ತಾರೆ. ಗ್ಯಾರೇಜಿನವರು ಈ ಕೀಲನ್ನು ಕ್ರಾಸ್ ಎನ್ನುತ್ತಾರೆ. ಅದರ ಒಳಗೆ ಕೂಡಿಸುವ ಗುರುತಿನ ಆಕಾರದ ಉಕ್ಕಿನ ತುಂಡೊಂದು ಇದ್ದು, ಅದರ ನಾಲ್ಕು ತುದಿಗಳೂ ಸೂಜಿಯಂಥ ಸಣ್ಣ ಬೇರಿಂಗುಗಳಲ್ಲಿ ಕೂತಿರುತ್ತವೆ. ನಡುದಂಡದ ಕೆಳತುದಿಯು ಸ್ಟಿಯರಿಂಗ್ ಗೇರಿಗೆ ಸೇರುತ್ತದೆ. ಕೆಲವು ಗಾಡಿಗಳಲ್ಲಿ ಈ ಗೇರು ಡಬ್ಬಿಯಂತಿರುತ್ತದೆ. ಕೆಲವುಗಳಲ್ಲಿ ಹಲ್ಲಿನ ಉದ್ದ ಸರಳು, ಅಂದರೆ ರ‍್ಯಾಕ್. ಗೇರಿನಿಂದ ಟೈ ರಾಡುಗಳು, ಅವುಗಳ ತುದಿಯಲ್ಲಿ ಗುಂಡು ಕೀಲುಗಳು, ಕೊನೆಗೆ ಗಾಲಿ.

ಇಷ್ಟೊಂದು ಕೀಲು ಏಕೆ ಎಂದು ಕೇಳಬಹುದು. ನಮ್ಮ ಎತ್ತಿನ ಬಂಡಿಗೆ ಒಂದೇ ಅಚ್ಚು. ತಿರುಗಿಸುವ ಕೆಲಸವೆಲ್ಲ ಎತ್ತಿನದು. ನಾಲ್ಕು ಗಾಲಿಯ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಮೊಳೆಯ ಸುತ್ತ ತಿರುಗುತ್ತಿತ್ತು. ಮ್ಯೂನಿಕ್ ನಗರದ ಲಾಂಕೆನ್‌ಸ್ಪೆರ್ಗರ್ ಎಂಬ ಸಾರೋಟು ಕಟ್ಟುವವನು ಅಚ್ಚನ್ನು ಕದಲಿಸದೆ ಒಂದೊಂದು ಗಾಲಿಯೂ ತನ್ನ ಜಾಗದಲ್ಲೇ ತಿರುಗುವ ಏರ್ಪಾಟನ್ನು ಕಂಡುಹಿಡಿದನು. ಅವನ ಪರವಾಗಿ ಆಕರ್ಮನ್ ಎಂಬವನು 1818ರಲ್ಲಿ ಇಂಗ್ಲೆಂಡಿನಲ್ಲಿ ಅದರ ಹಕ್ಕು ಪಡೆದನು. ಇಂದಿನ ಮೋಟಾರುಗಳದು ಅದೇ ಕುಲ. ಅದರಿಂದ ಗಾಡಿ ಮಗುಚುವ ಭಯ ಕಡಿಮೆಯಾಯಿತು, ಕೀಲುಗಳ ಸಂಖ್ಯೆ ಹೆಚ್ಚಾಯಿತು. ಕೀಲು ಇದ್ದಲ್ಲಿ ಸವೆತ, ಸವೆತ ಇದ್ದಲ್ಲಿ ಸದ್ದು. ಇದರ ಮೇಲೆ ಎಣ್ಣೆಯ ಒತ್ತಡದಿಂದ ಕೈಗೆ ಸಹಾಯ ಕೊಡುವ ಪವರ್ ಸ್ಟಿಯರಿಂಗು ಸೇರಿತು. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರು ಅದನ್ನು 1920ರ ದಶಕದಲ್ಲೇ ಮಾಡಿ ತೋರಿಸಿದ್ದರೂ, ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಗಾಡಿಯಲ್ಲಿ. ಪಂಪು, ಬೆಲ್ಟು, ಹೋಸು ಎಂಬ ಹೊಸ ಸದ್ದಿನ ಸಂಸಾರ ಅಲ್ಲಿಂದ ಶುರುವಾಯಿತು.

ನಮ್ಮ ಸೀಮೆಗೂ ಹಗುರ ಲಾರಿಗೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀದರಿಗೆ ಹೋಗುವಾಗ ಸುಮಾರು 100 ಕಿಲೋಮೀಟರಿಗೆ ಸಿಗುವ ಜಹೀರಾಬಾದಿನಲ್ಲಿ, ಹೈದರಾಬಾದಿನ ಆಲ್ವಿನ್ ಕಂಪನಿಯು ಜಪಾನಿನ ನಿಸಾನ್ ಜತೆಗೂಡಿ 1980ರ ದಶಕದಲ್ಲಿ ಇಂಥ ಲಾರಿಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಂದೆ ಮಹೀಂದ್ರ ಕಂಪನಿಯ ಕೈ ಸೇರಿತು. ನಮ್ಮವರು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುವ ಕಾರ್ಖಾನೆ ಅದೇ.

ಇನ್ನು ಸದ್ದಿನ ವಿಚಾರ. ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಎಂಜಿನು ನಿಂತಿರುವಾಗಲೂ ಬರುತ್ತದೆಯೆ, ಇಲ್ಲವೆ ಎಂಜಿನು ಓಡುವಾಗ ಮಾತ್ರವೆ? ಗಾಡಿ ನಿಂತಲ್ಲೇ ಕೈಚಕ್ರ ತಿರುಗಿಸಿದರೆ ಬರುತ್ತದೆಯೆ, ಓಡುವಾಗ ಮಾತ್ರವೆ? ತಗ್ಗು ಬಿದ್ದಾಗಲೆ, ತಿರುವಿನಲ್ಲೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗುವವನಿಗೂ, “ಏನೋ ಸದ್ದು ಬರ್ತದ” ಎಂದು ಹೋಗುವವನಿಗೂ ಬಿಲ್ಲಿನಲ್ಲಿ ಬಹಳ ವ್ಯತ್ಯಾಸವಾಗುತ್ತದೆ.

ಎಂಜಿನು ಓಡುವಾಗ ಮಾತ್ರ ಬರುವ ಸದ್ದು ಬಹುಮಟ್ಟಿಗೆ ಪಂಪಿನ ಕಡೆಯದು. ಬೆಳಗಿನ ಮೊದಲ ತಿರುವಿನಲ್ಲಿ ಕೀರ್ ಎಂದು ಕೂಗಿ ಸುಮ್ಮನಾದರೆ ಬೆಲ್ಟು ಸಡಿಲವಾಗಿದೆ ಅಥವಾ ಒಣಗಿ ಹೊಳಪೇರಿದೆ. ಗುಂಯ್ ಎಂದು ನರಳುತ್ತ, ಎಂಜಿನಿನ ವೇಗ ಏರಿದಂತೆ ಸ್ವರವೂ ಏರಿದರೆ ಪಂಪಿಗೆ ಎಣ್ಣೆ ಸಾಲದು, ಇಲ್ಲವೆ ಎಣ್ಣೆಯಲ್ಲಿ ಗಾಳಿ ಸೇರಿದೆ. ಮುಚ್ಚಳ ತೆಗೆದರೆ ನೊರೆ ಕಾಣುವುದು ಗಾಳಿಯ ಗುರುತು. ಕಡಿಮೆಯಾದ ಎಣ್ಣೆ ಎಲ್ಲಿಗೋ ಹೋಗಿರಲೇಬೇಕಷ್ಟೆ. ಸೋರುವ ಜಾಗವನ್ನು ಹುಡುಕದೆ ಮತ್ತೆ ಮತ್ತೆ ತುಂಬುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಹುಡುಕುವಾಗ ಎಂಜಿನು ಓಡುತ್ತಿದ್ದರೆ ಬರಿಗೈಯಿಂದ ಹೋಸನ್ನು ಸವರಕೂಡದು. ಅದರೊಳಗಿನ ಒತ್ತಡ ಟಯರಿನ ಗಾಳಿಗಿಂತ ಹತ್ತಾರು ಪಟ್ಟು ಇರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮದೊಳಕ್ಕೇ ಹೊಗುತ್ತದೆ. ರಟ್ಟಿನ ತುಂಡೊಂದನ್ನು ಹತ್ತಿರ ಹಿಡಿದು ನೋಡಿದರೆ ಕಲೆ ಬೀಳುತ್ತದೆ, ಜಾಗ ಗೊತ್ತಾಗುತ್ತದೆ. ಯಾವ ಎಣ್ಣೆಯೆಂದು ಡಬ್ಬಿಯ ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ, ಅದನ್ನೇ ಹಾಕಬೇಕು. ಬ್ರೇಕಿನ ಎಣ್ಣೆಯನ್ನಂತೂ ಹಾಕಲೇಬಾರದು. ಸೀಲುಗಳು ಊದಿಕೊಂಡು ಹಾಳಾಗುತ್ತವೆ.

ಕೈಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಹಿಡಿದಾಗ ಸುಯ್ ಎನ್ನುವುದು ರೋಗವಲ್ಲ. ಹೆಚ್ಚಿನ ಒತ್ತಡವನ್ನು ಬಿಡುವ ಕವಾಟದ ಸದ್ದು ಅದು. ಆದರೂ ಹಾಗೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಎಣ್ಣೆ ಕಾಯುತ್ತದೆ. ಬೇಗಂಬಜಾರಿನ ಓಣಿಯಲ್ಲಿ ಗಾಡಿ ಹಿಂದೆ ಮುಂದೆ ಮಾಡುವವರು ಇದನ್ನು ನೆನಪಿಡಬೇಕು. ಕೆಲವು ಹೊಸ ಗಾಡಿಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರೇ ಸಹಾಯ ಕೊಡುತ್ತದೆ. ಅವುಗಳಲ್ಲಿ ಪಂಪನ್ನು ಹುಡುಕುತ್ತ ಕೂಡುವುದು ವ್ಯರ್ಥ.

ಪೂರ್ತಿ ತಿರುಗಿಸಿದಾಗ ಮಾತ್ರ ಪರಪರ ಎಂದು ಉಜ್ಜಿದರೆ ಟಯರಿನ ಒಳಬದಿಯನ್ನು ನೋಡಿ. ಕೆಸರು ಪಟ್ಟಿಯೋ ತಗಡೋ ತಾಗಿದ ಕಡೆ ರಬ್ಬರು ಮಿನುಗುತ್ತದೆ. ಖರ್ಚಿಲ್ಲದ ಕೆಲಸ. ಗಾಡಿಯ ವೇಗದೊಂದಿಗೆ ಏರುವ ಹೂಂಕಾರವು ಸ್ಟಿಯರಿಂಗಿನದಲ್ಲ, ಗಾಲಿಯ ಬೇರಿಂಗಿನದು. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಾಲಿಯ ಮೇಲೆ ಬೀಳುವುದರಿಂದ, ಆಗ ಹೂಂಕಾರ ಹೆಚ್ಚಿದರೆ ಎಡಗಾಲಿಯನ್ನು ಸಂಶಯಿಸಬೇಕು.

ನಮ್ಮ ಗಾಡಿಯ ಸದ್ದು ಇವು ಯಾವುವೂ ಅಲ್ಲ. ಟಕ್ ಟಕ್. ತಗ್ಗಿನ ಮೇಲೆ ಹೋದಾಗ ಒಂದು, ನಿಂತಲ್ಲಿ ಕೈಚಕ್ರವನ್ನು ಎಡದಿಂದ ಬಲಕ್ಕೆ ಬದಲಾಯಿಸಿದಾಗ ಒಂದು. ಕಿವಿಗೆ ಕೇಳುವುದರ ಜತೆಗೆ ಅಂಗೈಗೂ ತಟ್ಟುತ್ತಿತ್ತು. ಎಂಜಿನು ನಿಂತಿದ್ದಾಗಲೂ ಇತ್ತು. ಈ ಒಂದು ಸಂಗತಿಯನ್ನು ಮೊದಲ ದಿನವೇ ಯಾರಾದರೂ ನೋಡಿದ್ದರೆ ಎಣ್ಣೆ-ಬೆಲ್ಟಿನ ಬಿಲ್ಲು ಹುಟ್ಟುತ್ತಿರಲಿಲ್ಲ. ಎಂಜಿನು ನಿಂತಾಗ ಪಂಪು ತಿರುಗುವುದೇ ಇಲ್ಲ; ತಿರುಗದ ಪಂಪು ಸದ್ದು ಮಾಡುವುದು ಹೇಗೆ?

ಟಕ್ ಎನ್ನುವ ಸದ್ದು ಎಲ್ಲಿಯೋ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಸಂದು ಬಿದ್ದಿರುವುದರ ಗುರುತು. ಆ ಸಂದು ಟೈ ರಾಡಿನಲ್ಲಿ ಇರಬಹುದು, ರ‍್ಯಾಕಿನ ಒಳಗಿನ ಬುಷ್ಷಿನಲ್ಲಿ ಇರಬಹುದು, ರ‍್ಯಾಕನ್ನು ಚೌಕಟ್ಟಿಗೆ ಬಿಗಿದ ಬೋಲ್ಟಿನಲ್ಲಿ ಇರಬಹುದು, ನಡುದಂಡದ ಕ್ರಾಸಿನಲ್ಲೂ ಇರಬಹುದು. ಕಿವಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಕಬ್ಬಿಣದ ದಂಡವು ಸದ್ದನ್ನು ಈ ತುದಿಯಿಂದ ಆ ತುದಿಗೆ ಸಾಗಿಸುತ್ತದೆ. ರೈಲು ಹಳಿಗೆ ಕಿವಿಯಿಟ್ಟು ದೂರದ ಗಾಡಿಯನ್ನು ಕೇಳುವ ಆಟವನ್ನು ಚಿಕ್ಕಂದಿನಲ್ಲಿ ಆಡಿ ಬೈಸಿಕೊಂಡವರಿಗೆ ಇದು ಗೊತ್ತು. ಆದುದರಿಂದ ಸಂದನ್ನು ಹುಡುಕಬೇಕಾದದ್ದು ಕೈಯಿಂದ.

ಇದಕ್ಕೆ ಇಬ್ಬರು ಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎಂಜಿನು ನಿಂತಿರಬೇಕು. ಚಾವಿಯನ್ನು ಮಾತ್ರ ಒಂದು ಹಂತ ತಿರುಗಿಸಿರಬೇಕು, ಇಲ್ಲದಿದ್ದರೆ ಕಳ್ಳರಿಗಾಗಿ ಇಟ್ಟ ಬೀಗ ಕೈಚಕ್ರವನ್ನು ಹಿಡಿದುಕೊಂಡು ಅದರದೇ ಟಕ್ಕು ನಿಮ್ಮ ದಾರಿ ತಪ್ಪಿಸುತ್ತದೆ. ಗಾಲಿಗಳು ನೆಲದ ಮೇಲೆಯೇ ಇರಲಿ. ಭಾರ ಇದ್ದಾಗಲೇ ಸಂದು ಮಾತಾಡುವುದು. ಒಬ್ಬನು ಕೂತು ಕೈಚಕ್ರವನ್ನು ಎರಡು ಮೂರು ಬೆರಳಗಲ ಮಾತ್ರ ಎಡಕ್ಕೂ ಬಲಕ್ಕೂ ಬಿಡದೆ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬನು ಒಂದೊಂದೇ ಕೀಲಿಗೆ ಅಂಗೈ ಹಚ್ಚುತ್ತ ಹೋಗಬೇಕು. ಕೀಲಿನ ಈ ಭಾಗವನ್ನೂ ಆ ಭಾಗವನ್ನೂ ಒಟ್ಟಿಗೆ ಹಿಡಿಯುವಂತೆ ಬೆರಳಿಡಬೇಕು. ಎರಡೂ ಒಟ್ಟಿಗೆ ಕದಲಿದರೆ ಕೀಲು ಸರಿಯಿದೆ. ಒಂದು ಕದಲಿ, ಚೂರು ತಡೆದು, ಆಮೇಲೆ ಇನ್ನೊಂದು ಕದಲಿದರೆ ಕಳ್ಳ ಅಲ್ಲಿಯೇ ಇದ್ದಾನೆ.

ನಾನು ಕೆಳಗೆ ಮಲಗಿ ಟೈ ರಾಡುಗಳಿಂದ ಶುರುಮಾಡಿದೆ. ಹೊಸ ಎಂಡುಗಳು, ಸರಿಯಾಗಿಯೇ ಇದ್ದವು. ತೆಗೆದುಹಾಕಿದ ಹಳೆಯವನ್ನು ಡ್ರೈವರಣ್ಣ ಸೀಟಿನ ಕೆಳಗೆ ಚಿಂದಿಯಲ್ಲಿ ಸುತ್ತಿ ಇಟ್ಟಿದ್ದನು. ಅವನ್ನೂ ಬೆರಳಲ್ಲಿ ತಿರುವಿ ನೋಡಿದೆವು. ಬಿಗಿಯಾಗಿದ್ದವು, ರಬ್ಬರಿನ ಟೋಪಿ ಕೂಡ ಹರಿದಿರಲಿಲ್ಲ. ಅವನ ಸಂಬಳದಲ್ಲಿ ಹಿಡಿದ ದುಡ್ಡು ಈ ಕೆಡದಿದ್ದ ಸಾಮಾನಿಗಾಗಿ. ನನಗೆ ಮಾತು ಹೊರಡಲಿಲ್ಲ. ರ‍್ಯಾಕಿನ ಬೋಲ್ಟುಗಳಿಗೆ ಪಾನಾ ಹಾಕಿ ನೋಡಿದೆವು, ಕದಲಲಿಲ್ಲ. ಅಲ್ಲಿಂದ ಮೇಲೆ, ನೆಲದ ತಗಡನ್ನು ದಾಟಿ ನಡುದಂಡ ಇಳಿಯುವ ಜಾಗಕ್ಕೆ ಕೈ ಹಾಕಿದಾಗ, ಕೆಳಗಿನ ಕ್ರಾಸು ನನ್ನ ಬೆರಳಿಗೆ ಟಕ್ಕೆಂದು ಹೊಡೆಯಿತು. “ಸಿಕ್ತೇನ್ರಿ?” ಎಂದು ಮೇಲಿನಿಂದ ಕೇಳಿದನು. ಡ್ರೈವರನ ಬಲಗಾಲು ಇರುವ ಜಾಗಕ್ಕೂ ಅದಕ್ಕೂ ಒಂದು ಗೇಣು ಅಂತರವಿರಲಿಲ್ಲ.

ದಂಡ ತಗಡನ್ನು ದಾಟುವಲ್ಲಿ ಇರಬೇಕಾದ ರಬ್ಬರಿನ ಚೀಲ ಹರಿದಿತ್ತು. ಮಳೆಯ ನೀರೂ, ಗಾಡಿ ತೊಳೆಯುವಲ್ಲಿ ರಭಸದಿಂದ ಹೊಡೆಯುವ ನೀರೂ ನೇರವಾಗಿ ಕ್ರಾಸಿನ ಮೇಲೆ ಬಿದ್ದು, ಒಂದು ಬಟ್ಟಲಿನ ಸೂಜಿ ಬೇರಿಂಗುಗಳು ತುಕ್ಕು ಹಿಡಿದು ಕೆಂಪು ಹುಡಿಯಾಗಿದ್ದವು. ಹಿಂದೆ ಒಬ್ಬ ಮಿಸ್ತ್ರಿ ಅದೇ ಸುಮಾರಿಗೆ ಗ್ರೀಸು ಸಿಡಿಸಿದ್ದನೆಂದೂ, ಹತ್ತು ಹನ್ನೆರಡು ದಿನ ಸದ್ದು ಹೋಗಿ ಮತ್ತೆ ಬಂತೆಂದೂ ಡ್ರೈವರಣ್ಣ ಹೇಳಿದನು. ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗ್ರೀಸು ಸಂದನ್ನು ತುಂಬಿ ಸದ್ದನ್ನು ಮುಚ್ಚುತ್ತದೆ, ಹೋದ ಉಕ್ಕನ್ನು ತಂದುಕೊಡುವುದಿಲ್ಲ. ಗ್ರೀಸಿನಿಂದ ಸದ್ದು ನಿಂತರೆ ಜಾಗ ಗೊತ್ತಾಯಿತೆಂದು ಸಂತೋಷಪಡಬಹುದು, ರಿಪೇರಿ ಮುಗಿಯಿತೆಂದಲ್ಲ.

ನನ್ನನ್ನು ಹೆದರಿಸಿದ್ದು ಇದಲ್ಲ. ನಡುದಂಡದ ಕೆಳತುದಿಯನ್ನು ಗೇರಿನ ಹಲ್ಲುಗಳ ಮೇಲೆ ಹಿಡಿದಿಡುವುದು ಒಂದೇ ಒಂದು ಬೋಲ್ಟು. ಅದಕ್ಕೆ ಪಾನಾ ಹಾಕಿದರೆ ಒತ್ತದೆಯೇ ಕಾಲು ಸುತ್ತು ತಿರುಗಿತು. ಅದು ಗಾಡಿಯ ಜತೆ ಬಂದ ಬೋಲ್ಟೂ ಅಲ್ಲ. ಎಂದೋ ಯಾರೋ ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. ಆ ಬೋಲ್ಟು ಕಳಚಿ ದಂಡ ಮೇಲೆ ಸರಿದರೆ ಕೈಚಕ್ರ ಕೈಯಲ್ಲಿ ಆಟಿಕೆಯಂತೆ ತಿರುಗುತ್ತದೆ, ಗಾಲಿ ತನಗೆ ತೋಚಿದ ಕಡೆ ಹೋಗುತ್ತದೆ. ಒಂದು ಟನ್ನಿಗಿಂತ ಹೆಚ್ಚು ತೊಗರಿ ಹೇರಿಕೊಂಡು, ಇಬ್ಬರು ಹಮಾಲರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಗಾಡಿ ವಾರಕ್ಕೆ ಮೂರು ಸಲ 65ನೆಯ ಹೆದ್ದಾರಿಯಲ್ಲಿ ಓಡಾಡಿತ್ತು. ರ‍್ಯಾಕ್ ಬದಲಾಯಿಸಲು ದುಡ್ಡು ಹೊಂದಿಸುವ ತನಕ ಹೀಗೆಯೇ ಓಡಲಿ ಎಂಬುದು ನಮ್ಮಲ್ಲಿ ಆಗಿದ್ದ ಏರ್ಪಾಟು.

ಅಂದು ಗಾಡಿಯನ್ನು ಅಲ್ಲಿಂದ ಕದಲಿಸಲಿಲ್ಲ. ಬೋಲ್ಟನ್ನು ಬಿಗಿಮಾಡಿ ಗ್ಯಾರೇಜಿನವರೆಗೆ ಹೋಗಬಹುದಲ್ಲ ಎಂದು ನನಗೂ ಅನ್ನಿಸಿತು. ಆದರೆ ಸಡಿಲ ಬೋಲ್ಟಿನಲ್ಲಿ ಓಡಿದ ದಂಡದ ಹಲ್ಲುಗಳು ಒಳಗೇ ಸವೆದಿರಬಹುದು; ಬಿಚ್ಚಿ ನೋಡದೆ ಬಿಗಿಮಾಡಿದರೆ ನಂಬುವಂತಿಲ್ಲ. ಬೇರೊಬ್ಬ ಮಿಸ್ತ್ರಿಯನ್ನು ಮಿಲ್ಲಿಗೇ ಕರೆತಂದೆವು. ನಡುದಂಡದ ಹೊಸ ಜೋಡಣೆಯನ್ನು ಸಿಕಂದರಾಬಾದಿನ ರಾಣಿಗಂಜಿನಿಂದ ತಂದೆವು. ಗೋಶಾಮಹಲಿನಲ್ಲಿ ಹಳೆಯ ಗಾಡಿಗಳಿಂದ ಬಿಚ್ಚಿದ ಸಾಮಾನು ಇದಕ್ಕಿಂತ ಅಗ್ಗವಾಗಿ ಸಿಕ್ಕಬಹುದೆಂದು ಮಿಸ್ತ್ರಿ ಹೇಳಿದನು. ಬಾಗಿಲು, ದೀಪ, ಕನ್ನಡಿಗಳಿಗೆ ಅದು ಒಳ್ಳೆಯ ಜಾಗವೇ. ಸ್ಟಿಯರಿಂಗಿಗೂ ಬ್ರೇಕಿಗೂ ಇನ್ನೊಬ್ಬರು ಸವೆಸಿದ ಸಾಮಾನು ಬೇಡವೆಂದು ನನ್ನ ಅಭಿಪ್ರಾಯ.

ಹೊಸ ಸಾಮಾನಿನ ಬೆಲೆ ರ‍್ಯಾಕಿನ ಅಂದಾಜಿನ ಕಾಲು ಭಾಗಕ್ಕೂ ಕಡಿಮೆಯಾಗಿತ್ತು. ಕೂಡಿಸಿದ ಕ್ರಮವನ್ನು ನೋಡಿ ಬರೆದುಕೊಂಡಿದ್ದೇನೆ. ನಿಮ್ಮ ಗಾಡಿಗೆ ಮಾಡಿಸುವಾಗ ಪಕ್ಕದಲ್ಲಿ ನಿಂತು ಇದನ್ನು ಗಮನಿಸಬಹುದು. ಗಾಲಿಗಳನ್ನು ನೆಟ್ಟಗೆ ನಿಲ್ಲಿಸಿ, ಬ್ಯಾಟರಿಯ ತಂತಿ ತೆಗೆದು, ಕೈಚಕ್ರ ತಿರುಗದಂತೆ ಸೀಟಿನ ಬೆಲ್ಟಿನಿಂದ ಕಟ್ಟಬೇಕು. ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಇದು ಬಹಳ ಮುಖ್ಯ. ದಂಡ ಬಿಚ್ಚಿದಾಗ ಕೈಚಕ್ರ ಸುಮ್ಮನೆ ಸುತ್ತಿದರೆ ಅದರ ಕೆಳಗಿನ ಸುರುಳಿ ತಂತಿ ತುಂಡಾಗುತ್ತದೆ. ಬಿಚ್ಚುವ ಮೊದಲು ದಂಡಕ್ಕೂ ಗೇರಿನ ಮೂತಿಗೂ ಸೇರಿಸಿ ಬಣ್ಣದ ಒಂದು ಗೀಟು ಎಳೆಯಬೇಕು, ಹೊಸದನ್ನು ಅದೇ ನೇರಕ್ಕೆ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ನೆಟ್ಟಗೆ ಹೋಗುವಾಗ ಕೈಚಕ್ರ ಓರೆಯಾಗಿ ನಿಲ್ಲುತ್ತದೆ. ಗೇರಿನ ಮೂತಿಯಲ್ಲಿ ಬೋಲ್ಟಿಗೆಂದೇ ಒಂದು ಕಚ್ಚು ಇರುತ್ತದೆ. ದಂಡ ಪೂರ್ತಿ ಕೆಳಗೆ ಕೂತಾಗ ಮಾತ್ರ ಬೋಲ್ಟು ಅದರ ಮೂಲಕ ಸಲೀಸಾಗಿ ಹೋಗುತ್ತದೆ. ಹೋಗದಿದ್ದರೆ ದಂಡ ಕೂತಿಲ್ಲವೆಂದು ತಿಳಿಯಬೇಕೇ ಹೊರತು ಸುತ್ತಿಗೆ ಎತ್ತಬಾರದು. ಬೋಲ್ಟು ಹೊಸದಾಗಿರಬೇಕು, ಆ ಗಾಡಿಗೆ ಹೇಳಿದ್ದೇ ಆಗಿರಬೇಕು, ಎಷ್ಟು ಬಿಗಿಯೆಂದು ಪುಸ್ತಕದಲ್ಲಿ ಇದೆಯೋ ಅಷ್ಟನ್ನು ಅಳತೆಯ ಪಾನಾದಿಂದ ಬಿಗಿಯಬೇಕು. ಹರಿದ ರಬ್ಬರು ಚೀಲವನ್ನೂ ಅಂದೇ ಬದಲಾಯಿಸಬೇಕು. ಅದನ್ನು ಮರೆತರೆ ಮುಂದಿನ ಮಳೆಗಾಲಕ್ಕೆ ಇದೇ ಪಾಠವನ್ನು ಮತ್ತೆ ಓದಬೇಕಾದೀತು.

ಟೈ ರಾಡುಗಳ ತಪಾಸಣೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಗಾಡಿಯಲ್ಲಿ ಅವು ನಿರಪರಾಧಿಗಳಾದರೂ ಅನೇಕ ಗಾಡಿಗಳಲ್ಲಿ ತಪ್ಪು ಅವುಗಳದೇ. ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಗಟ್ಟಿಯಾದ ಕುದುರೆ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಜ್ಯಾಕೊಂದನ್ನೇ ನಂಬಿ, ಇಟ್ಟಿಗೆ ಇಟ್ಟು, ಕೆಳಗೆ ತಲೆ ಹಾಕಬೇಡಿ. ಗಾಲಿಯನ್ನು ಗಡಿಯಾರವೆಂದು ಭಾವಿಸಿ, 9 ಮತ್ತು 3 ಗಂಟೆಗಳ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಂದು ಕಂಡರೆ ಟೈ ರಾಡು ಅಥವಾ ರ‍್ಯಾಕು. 12 ಮತ್ತು 6ರಲ್ಲಿ ಹಿಡಿದಾಗ ಕಂಡರೆ ಬಾಲ್ ಜಾಯಿಂಟು, ಕಿಂಗ್ ಪಿನ್ನು ಅಥವಾ ಗಾಲಿಯ ಬೇರಿಂಗು. ಆಗ ಇನ್ನೊಬ್ಬರಿಂದ ಬ್ರೇಕು ಒತ್ತಿಸಿ ಮತ್ತೆ ಅಲ್ಲಾಡಿಸಿ. ಸಂದು ಮಾಯವಾದರೆ ಬೇರಿಂಗು, ಉಳಿದರೆ ಕೀಲು. ಟೈ ರಾಡ್ ಎಂಡನ್ನು ಬದಲಾಯಿಸಿದರೆ ಹಳೆಯದು ಎಷ್ಟು ಸುತ್ತಿಗೆ ಬಿಚ್ಚಿತೆಂದು ಎಣಿಸಿ ಅಷ್ಟೇ ಸುತ್ತು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಲೇಬೇಕು. ನಟ್ಟಿಗೆ ಹೊಸ ಸೀಳುಪಿನ್ನು ಹಾಕಿಸಬೇಕು. ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಚೂರು ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು.

ಕಾನೂನು ಕೂಡ ಇದನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟಿಯರಿಂಗಿನ ವಿಷಯ. ಕೈಚಕ್ರದ ಸುಮ್ಮನೆಯ ಆಟ 30 ಡಿಗ್ರಿಯನ್ನು ಮೀರಬಾರದು, ಗುಂಡು ಕೀಲುಗಳಿಗೆ ರಬ್ಬರಿನ ಟೋಪಿ ಇರಬೇಕು, ಬೋಲ್ಟು-ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎಂದು ಅದರಲ್ಲಿದೆ. 30 ಡಿಗ್ರಿ ಎಂದರೆ ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ. 40 ಸೆಂಟಿಮೀಟರು ಅಗಲದ ಕೈಚಕ್ರದ ಅಂಚಿನಲ್ಲಿ ಸುಮಾರು 10 ಸೆಂಟಿಮೀಟರು. ಇದು ಕಾನೂನಿನ ಕೊನೆಯ ಗೆರೆ, ಒಳ್ಳೆಯ ಗಾಡಿಯ ಲಕ್ಷಣವಲ್ಲ. ಸರಿಯಾಗಿರುವ ಪಿಕಪ್ಪಿನಲ್ಲಿ ಆಟ ಎರಡು ಬೆರಳಗಲವೂ ಇರುವುದಿಲ್ಲ. ಇನ್ನೊಂದು ಮಾತು ಡ್ರೈವರುಗಳಿಗಿಂತ ಹೆಚ್ಚಾಗಿ ನನ್ನಂಥ ಗುಮಾಸ್ತರಿಗೂ ಧಣಿಗಳಿಗೂ ಸೇರಿದ್ದು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು, ದೋಷ ಗೊತ್ತಿದ್ದೂ ಅಥವಾ ಸಾಧಾರಣ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದೂ ಅಪಾಯದ ಗಾಡಿಯನ್ನು ನಡೆಸಿದವನನ್ನು ಮಾತ್ರವಲ್ಲ, ನಡೆಸಲು ಬಿಟ್ಟವನನ್ನೂ ಹೊಣೆ ಮಾಡುತ್ತದೆ. ಡ್ರೈವರಾದವನು ಸದ್ದಿನ ಸಂಗತಿಯನ್ನು ಬಾಯಲ್ಲಿ ಹೇಳಿ ಬಿಡದೆ, ತಾರೀಖು ಹಾಕಿ ಟ್ರಿಪ್ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಕೊಳ್ಳಬೇಕು. ಬರೆಯಲು ಬಾರದವರು ಸಂಜೆ ಏಳರ ಮೇಲೆ ವಾಚನಾಲಯಕ್ಕೆ ಬಂದರೆ ನಾನೇ ಬರೆದುಕೊಡುತ್ತೇನೆ. ತೆಗೆದ ಹಳೆಯ ಸಾಮಾನನ್ನು ಗ್ಯಾರೇಜಿನಲ್ಲಿ ಬಿಡದೆ ಕೇಳಿ ತರುವುದನ್ನು ಡ್ರೈವರಣ್ಣನಿಂದ ಕಲಿಯಬೇಕು.

ಆ ಎರಡು ಹಳೆಯ ಟೈ ರಾಡ್ ಎಂಡುಗಳನ್ನೂ ಸವೆದ ಕ್ರಾಸನ್ನೂ ಧಣಿಗಳ ಮೇಜಿನ ಮೇಲೆ ಇಟ್ಟೆ. ಅವರು ಒಂದನ್ನು ತಿರುವಿ ನೋಡಿದರು, ಇನ್ನೊಂದನ್ನು ಅಲ್ಲಾಡಿಸಿ ನೋಡಿದರು. ಹೆಚ್ಚು ಮಾತಾಡಲಿಲ್ಲ. ಮರುದಿನ ಕಡಿತದ ದುಡ್ಡನ್ನು ಹಿಂದಕ್ಕೆ ಕೊಡಲು ಹೇಳಿದರು. ಖಾತೆಯಲ್ಲಿ ಅದನ್ನು ಜಮಾ ಬರೆದವನೂ ನಾನೇ. ಡ್ರೈವರಣ್ಣ ಈಗಲೂ ಅದೇ ಗಾಡಿ ನಡೆಸುತ್ತಿದ್ದಾನೆ. ಒಂದು ಸಣ್ಣ ಕಿರುಗುಟ್ಟುವಿಕೆ ಉಳಿದಿದೆ, ಮುಂದಿನ ಪಾಟಾದ ಬುಷ್ಷಿನದೆಂದು ಅವನ ವಾದ. ಬರುವ ತಿಂಗಳು ನೋಡಬೇಕು.

ಸವೆದ ಆ ನಡುದಂಡವನ್ನು ತೊಳೆದು ವಾಚನಾಲಯದ ಪತ್ರಿಕೆಗಳ ಮೇಜಿನ ಕೆಳಗಿನ ಖಾನೆಯಲ್ಲಿ, ಮೋಟಾರು ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ. ಬೇಕಾದವರು ತೆಗೆದು ಎರಡೂ ಕೈಯಲ್ಲಿ ಹಿಡಿದು ತಿರುವಿ ನೋಡಬಹುದು. ಒಂದು ತುದಿಯ ಕ್ರಾಸು ಬಿಗಿಯಾಗಿದೆ, ಇನ್ನೊಂದು ತುದಿಯದು ಟಕ್ಕೆನ್ನುತ್ತದೆ. ನೋಡಿದ ಮೇಲೆ ಕೈಯನ್ನು ಚಿಂದಿಯಿಂದ ಒರಸಿಕೊಂಡೇ ಪತ್ರಿಕೆ ಮುಟ್ಟಬೇಕೆಂದು ವಿನಂತಿ.